ಟ್ರಾಂಪೊಲಿನ್ ಮೇಲೆ ಹರವಿದ ಬಾರ್ಲಿ

ಫ್ಲೂಗರ್‌ವಿಲ್ ಊರಿನ ಕುಮುದಾ ಅಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ರಜೆ ಬಂದರೆ ಮನೆಯಲ್ಲಿ ಬಿಯರ್ ತಯಾರಿಸುತ್ತಾಳೆ. ಅದೂ ಈಗಿನ ಬಿಯರ್ ಅಲ್ಲ. ಕಹಿ ಕೊಡುವ ಹಾಪ್ಸ್ ಹೂವು ಬಳಕೆಗೆ ಬರುವ ಮೊದಲು ಇಂಗ್ಲೆಂಡಿನ ಹಳ್ಳಿಯ ಹೆಂಗಸರು ಮನೆಯಲ್ಲೇ ಮಾಡುತ್ತಿದ್ದ ಏಲ್. ತಾನು ಕುಡಿಯುವುದು ಒಂದೇ ಚಮಚ, ರುಚಿ ನೋಡಲು. ಗಂಡ ಪ್ರಭಂಜನ ಅದನ್ನೂ ಮುಟ್ಟುವುದಿಲ್ಲ, ಪಾತ್ರೆ ತೊಳೆದುಕೊಡುತ್ತಾನೆ.

ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಏಲ್‌ಗೆ ಬೇಕಾದ ಮಾಲ್ಟ್ ಆಗುತ್ತದೆ. ಮನೆಯಲ್ಲೇ ಬಿಯರ್ ಮಾಡುವವರ ಕ್ಲಬ್ಬೊಂದಕ್ಕೆ ಅವಳು ಸೇರಿದ್ದಾಳೆ; ಅಲ್ಲಿ ಎಲ್ಲರೂ ಅದನ್ನು ಅಂಗಡಿಯಿಂದ ತರುತ್ತಾರೆ. ಹ್ಯೂಸ್ಟನ್‌ನಲ್ಲಿ ನಡೆಯುವ ಹಳೆಯ ಏಲ್‌ಗಳ ಕೂಟಕ್ಕೆ ತಾನು ಮಾಲ್ಟನ್ನೂ ಮನೆಯಲ್ಲೇ ಮಾಡಿ ಏಲ್ ತರುತ್ತೇನೆಂದು ಕುಮುದಾ ಎಲ್ಲರೆದುರು ಹೇಳಿಬಿಟ್ಟಿದ್ದಳು. ಮೊದಲ ಸಲ ಕಾಳಿಗೆ ಬೂಷ್ಟು ಹಿಡಿಯಿತು. ಮತ್ತೊಂದು ಸಲ ಮೊಳಕೆ ಚೆನ್ನಾಗಿ ಬಂತು, ಅವನ್‌ನಲ್ಲಿ ಒಣಗಿಸಲಿಟ್ಟಾಗ ಸೀದುಹೋಯಿತು. ಈ ಸಲ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟ ಬಾರ್ಲಿ ಹದವಾಗಿ ಮೊಳೆತಿತ್ತು.

ಆ ಸಂಜೆ ಕೆಲಸದಿಂದ ಬಂದರೆ ಮನೆ ತುಂಬ ಒಗ್ಗರಣೆಯ ಘಮ. ಧಾರವಾಡದಿಂದ ಬಂದಿದ್ದ ಅತ್ತೆ ವಿಜಯಾಬಾಯಿ ಕುಕ್ಕರಿನ ಮುಂದೆ ನಿಂತಿದ್ದರು. ಪ್ರಭಂಜನ ಏನನ್ನೋ ಅಗಿಯುತ್ತಲೇ ಇದ್ದ.

"ನಿನ್ನ ಮೊಳಕಿಕಾಳಿಂದು ಉಸುಳಿ ಮಾಡೀನಿ ನೋಡು," ಅಂದರು ಅತ್ತೆ. "ಎಷ್ಟು ಸೀಟಿ ಹೊಡಿಸಿದ್ರೂ ಸಿಪ್ಪಿ ಮೆತ್ತಗ ಆಗವಲ್ತು."

"ಅಷ್ಟೂ ಹಾಕಿದ್ರೇನ್ರಿ ಅತ್ತಿ?"

"ಹೂಂ. ಇವನ ದೋಸ್ತರು ಊಟಕ್ಕ ಬರ್ತಾರಲ್ಲ."

"ಅವ್ವಾ, ದೋಸ್ತರ ಬದ್ಲಿ ಎತ್ತು ಕರೀಬೇಕು ಇದಕ್ಕ," ಅಂದ ಪ್ರಭಂಜನ.

ತಪ್ಪು ಅತ್ತೆಯದಲ್ಲ. ಕಾಳು ಯಾತಕ್ಕೆಂದು ಕೇಳಿದಾಗ ಕುಮುದಾ "ಮೊಳಕಿ ಕಟ್ಟೀನ್ರಿ" ಎಂದಷ್ಟೇ ಹೇಳಿದ್ದಳು. ತಪ್ಪದೆ ಏಕಾದಶಿ ಮಾಡುವ ಅತ್ತೆಗೆ ಉಳಿದದ್ದನ್ನು ಹೇಳುವ ಧೈರ್ಯವಾಗಿರಲಿಲ್ಲ. ಈಗ ಎಲ್ಲ ಹೇಳಿದಳು.

"ಹೆಂಡ ಅನ್ನು," ಅಂದರು ವಿಜಯಾಬಾಯಿ. "ನೀ ಕುಡೀತೀಯೇನು?"

"ಒಂದು ಚಮಚ ರೀ."

"ಒಂದು ಚಮಚಕ್ಕ ಇಷ್ಟು ಒದ್ದಾಟ?" ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಕೇಳಿದರು, "ಕಾಳು ಇನ್ನೂ ಅದಾವೇನು?"

ಚೀಲದ ತಳದಲ್ಲಿ ಒಂದು ಪಾತ್ರೆ ಏಲ್‌ಗೆ ಆಗುವಷ್ಟು ಉಳಿದಿತ್ತು. ಅದು ಮೊಳೆಯುವ ಹೊತ್ತಿಗೆ ಕೂಟ ಹತ್ತಿರ ಬಂದಿತ್ತು. ಇದೂ ಕೆಟ್ಟರೆ ಹ್ಯೂಸ್ಟನ್‌ಗೆ ಬರಿಗೈ. ಮತ್ತೆ ಅವನ್‌ನಲ್ಲಿಟ್ಟು ಒಣಗಿಸಲು ಕುಮುದಾಗೆ ಭಯ. ಹಿತ್ತಲಲ್ಲಿ ಮಗಳು ದಿಯಾ ಹಾರಿ ಕುಣಿಯುವ ಟ್ರಾಂಪೊಲಿನ್ ಬಿಸಿಲಿಗೆ ಕಾದಿತ್ತು. ಅದರ ಮೇಲೆ ಹಳೆಯ ಇಳಕಲ್ ಸೀರೆ ಹಾಸಿ, ಸಂಡಿಗೆಗೆ ಮಾಡುವಂತೆ ಅಂಚಿಗೆಲ್ಲ ಕಲ್ಲಿಟ್ಟು, ಕಾಳು ಹರವಿದಳು. ಕೂಡಲೇ ಗ್ರ್ಯಾಕಲ್ ಹಕ್ಕಿಗಳು ಬಂದಿಳಿದವು. ಕಾಗೆಯಷ್ಟೇ ಕಪ್ಪು, ಅದಕ್ಕಿಂತ ಮೊಂಡು.

ಮರುದಿನ ಬೆಳಿಗ್ಗೆ ವಿಜಯಾಬಾಯಿ ಛತ್ರಿ, ಜಪಮಾಲೆ, ಕಸಬರಿಗೆ ಸಮೇತ ಹಿತ್ತಲಲ್ಲಿ ಕುರ್ಚಿ ಹಾಕಿ ಕೂತಿದ್ದರು.

"ಅಜ್ಜಿ, ಯು ಆರ್ ಗಾರ್ಡಿಂಗ್ ಬಿಯರ್," ಅಂದಳು ದಿಯಾ.

"ನಾ ಕಾಳು ಕಾಯ್ಲಿಕತ್ತೀನಿ. ಮುಂದಿಂದು ನಿಮ್ಮವ್ವನ್ನ ಕೇಳು."

ಕಾಳು ಗರಿಗರಿಯಾಗಿ ಒಣಗಿತು. ಏಲ್‌ಗೆ ಹುದುಗು ಬಂತು. ಹ್ಯೂಸ್ಟನ್‌ನಲ್ಲಿ ಕ್ಲಬ್‌ನ ಹಿರಿಯ ಕರ್ಟಿಸ್ ಆ ಮಬ್ಬು ಏಲನ್ನು ಮೂಸಿ, ಕುಡಿದು, ಲೋಟವನ್ನು ಮತ್ತೆ ಮುಂದೆ ಚಾಚಿದ. ಅವನ ಹಿಂದೆ ಸಾಲು ನಿಂತಿತು.

ಜೊತೆಗೆ ಬಂದಿದ್ದ ವಿಜಯಾಬಾಯಿ ಆಚೆ ಮರದ ನೆರಳಿನಲ್ಲಿ ಮೊಸರನ್ನದ ಡಬ್ಬಿ ಹಿಡಿದು ಕೂತಿದ್ದರು. ಕುಮುದಾ ತಂದ ಪಾತ್ರೆಯೊಳಗೆ ಬಗ್ಗಿ ನೋಡಿದರು.

"ಖಾಲಿ ಆತೇನು?"

"ಆತ್ರಿ. ಇನ್ನೂ ಕೇಳಾಕತ್ತಾರ."

"ಹಕ್ಕಿ ಹೊಡದಾವ್ರು ಯಾರಂತ ಹೇಳಿದ್ಯೋ ಇಲ್ಲೋ?"

"ಬರ್ರಿ, ನೀವ ಹೇಳ್ರಿ," ಎಂದು ಕುಮುದಾ ಕೈಹಿಡಿದು ಎಬ್ಬಿಸಿದಳು.

ವಿಜಯಾಬಾಯಿ ಸೆರಗು ಸರಿಮಾಡಿಕೊಂಡು ಹೊರಟರು. ನಾಲ್ಕು ಹೆಜ್ಜೆ ಇಟ್ಟು ನಿಂತರು.

"ಉಸುಳಿ ಸುದ್ದಿ ತಗೀಬ್ಯಾಡ ಮತ್ತ."