ಮಂಚದ ಕೆಳಗಿನ ಸಿಹಿನೀರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೀದಿಯ ಕೊನೆಯಲ್ಲಿ, ಮರಳಿನ ಗುಂಡಿಯೊಂದರೊಳಗೆ ಒಬ್ಬಾಕೆ ಕುಕ್ಕರುಗಾಲಿನಲ್ಲಿ ಕೂತಿದ್ದಾಳೆ. ಮೇಲಿನಿಂದ ನೋಡಿದರೆ ಬಿಳಿಕೂದಲಿನ ಗಂಟು ಮಾತ್ರ ಕಾಣುತ್ತದೆ. ಗೊತ್ತಿಲ್ಲದವರು, ಯಾರೋ ಹತ್ತಿಯ ಉಂಡೆ ಬೀಳಿಸಿಕೊಂಡು ಹೋಗಿದ್ದಾರೆ ಅಂದುಕೊಳ್ಳಬೇಕು. ಕೈಯಲ್ಲಿ ತೆಂಗಿನ ಚಿಪ್ಪು. ಗುಂಡಿಯ ತಳದಲ್ಲಿ ಅಂಗೈಯಷ್ಟು ನೀರು. ಅವಳು ಚಿಪ್ಪನ್ನು ನೀರಿಗೆ ಅದ್ದುವುದಿಲ್ಲ, ತಾಗಿಸುತ್ತಾಳೆ, ಮಲಗಿದ ಮಗುವಿನ ಕೆನ್ನೆ ಮುಟ್ಟಿದ ಹಾಗೆ. ಚಿಪ್ಪಿಗೆ ಒಂದು ಗುಟುಕು ಬರುತ್ತದೆ. ಅದನ್ನು ಕೊಡಕ್ಕೆ ಸುರಿದು ಸುಮ್ಮನೆ ಕೂರುತ್ತಾಳೆ. ಮರಳು ಬೆವರಿ ಮತ್ತೊಂದು ಗುಟುಕು ಒಸರುವ ತನಕ ಹಾಗೇ. ಅಷ್ಟು ಹೊತ್ತಿನಲ್ಲಿ ನಾನಾಗಿದ್ದರೆ ಎರಡು ಮದುವೆ ಮಾತುಕತೆ ಮುಗಿಸಿ, ಒಂದನ್ನು ಮುರಿದೂ ಬಂದಿರುತ್ತಿದ್ದೆ.

"ಏನೇ, ಅಷ್ಟು ಮೆತ್ತಗೆ ಮುಟ್ತೀಯ, ನೀರು ಹೆದರಿ ಓಡಿಹೋಗುತ್ತಾ?" ಅಂತ ಮೇಲಿನಿಂದ ಕೇಳುತ್ತೇನೆ.

"ಓಡಲ್ಲ, ಮುನಿಸಿಕೊಳ್ಳುತ್ತೆ," ಅನ್ನುತ್ತಾಳೆ, ತಲೆ ಎತ್ತದೆ. "ನೀನು ಸ್ವಲ್ಪ ಆಚೆ ನಿಲ್ಲು. ನಿನ್ನ ಭಾರಕ್ಕೆ ಮರಳು ಉದುರ್ತಾ ಇದೆ."

ಊರಿಗೆಲ್ಲ ಇವಳು ಚಿಪ್ಪಿನಕ್ಕ. ಪೇಪರಿನವರು ನನ್ನ ಕೈಯಲ್ಲಿ ಬರೆಸುತ್ತಿರುವುದೂ ಇವಳ ಬಗ್ಗೆಯೇ. ಹುಟ್ಟಿದಾಗ ಇಟ್ಟ ಹೆಸರು ಅವಳಿಗೇ ನೆನಪಿದೆಯೋ ಇಲ್ಲವೋ. ಈ ಊರಿನಲ್ಲಿ ಯಾವ ಅಂಗಡಿಯಲ್ಲಿ ಟೀ ಕುಡಿದರೂ, ಯಾರ ಮನೆಯಲ್ಲಿ ದಾಹಕ್ಕೆ ಕೇಳಿದರೂ, ಲೋಟಕ್ಕೆ ಬಂದದ್ದು ಇವಳ ಚಿಪ್ಪಿನಿಂದ. ಯಾರೂ ಅದನ್ನು ಹೇಳುವುದಿಲ್ಲ. ಟೀ ಚೆನ್ನಾಗಿದ್ದರೆ ಟೀಪುಡಿಯನ್ನು ಹೊಗಳುತ್ತಾರೆ.

ನಮ್ಮ ಊರು ಅಂದರೆ ಮರಳಿನ ಒಂದು ನಾಲಿಗೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನದಿ, ತುದಿಯಲ್ಲಿ ಎರಡೂ ಸೇರುವ ಅಳಿವೆ. ಅಗಲ ಎಷ್ಟು ಕಡಿಮೆ ಅಂದರೆ, ಸಮುದ್ರದ ಕಡೆ ಗಾಳಿಗೆ ಹಾರಿದ ಟೋಪಿಯನ್ನು ನದಿಯ ಕಡೆ ಹೋಗಿ ಹಿಡಿಯಬಹುದು. ಸುತ್ತಲೂ ಉಪ್ಪುನೀರು. ಮಳೆಗಾಲದಲ್ಲಿ ಬಿದ್ದ ನೀರನ್ನು ಮರಳು ಕುಡಿದು ಒಳಗಿಟ್ಟುಕೊಳ್ಳುತ್ತದೆ. ಆ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತಿರುತ್ತದೆ, ಹಾಲಿನ ಮೇಲೆ ಕೆನೆ ಇದ್ದ ಹಾಗೆ. ಮೆತ್ತಗೆ ತೆಗೆದರೆ ಕೆನೆ ಬರುತ್ತದೆ. ಅವಸರ ಮಾಡಿದರೆ ಕೆಳಗಿನ ಉಪ್ಪು ಎದ್ದು ಬರುತ್ತದೆ. ಬಂದರೆ ಮತ್ತೆ ಇಳಿಯುವುದಕ್ಕೆ ಮಳೆಗಾಲಗಳೇ ಬೇಕು. ನಲ್ಲಿ ಇಲ್ಲವೇ ಅಂತ ಕೇಳಬೇಡಿ. ಇದೆ. ಬೆಳಿಗ್ಗೆ ಗಾಳಿ ಬರುತ್ತದೆ, ಸಂಜೆ ತುಕ್ಕು ಬರುತ್ತದೆ. ಅದರಲ್ಲಿ ಒಗೆಸಿಕೊಳ್ಳಲಿಕ್ಕೆ ಬಟ್ಟೆಗೂ ಧೈರ್ಯ ಬೇಕು.

ಊರು ಹುಟ್ಟಿದ್ದೇ ಈ ಕೆನೆಯಿಂದ. ಒಂದು ಕಾಲದಲ್ಲಿ ಹಾಯಿಹಡಗುಗಳು ನೀರು ತುಂಬಿಕೊಳ್ಳಲಿಕ್ಕೆ ಇಲ್ಲಿ ಲಂಗರು ಹಾಕುತ್ತಿದ್ದವು. ನೀರಿಗೆ ಬಂದವರಿಗೆ ಹಗ್ಗ ಬೇಕಾಯಿತು, ಎಣ್ಣೆ ಬೇಕಾಯಿತು, ಹರಟೆ ಬೇಕಾಯಿತು. ಹಾಗೆ ಅಂಗಡಿಗಳು ಎದ್ದವು, ಗೋದಾಮುಗಳು ಎದ್ದವು, ಸುಂಕದ ಕಚೇರಿ ಎದ್ದಿತು. ಚಿಪ್ಪಿನಕ್ಕನ ಅತ್ತೆ, ಆ ಅತ್ತೆಯ ಅತ್ತೆ, ಎಲ್ಲರದೂ ಇದೇ ಕಸುಬು. ಗುಂಡಿಯ ಸುತ್ತ ಕಪ್ತಾನರು ಸಾಲಾಗಿ ನಿಂತು, ಮೀಸೆಯಲ್ಲಿ ಜೇಡ ಬಲೆ ಕಟ್ಟುವ ತನಕ ಕಾಯುತ್ತಿದ್ದರು. ನಾನು ನೋಡಿಲ್ಲ, ಆದರೂ ಒಂದು ಕೂದಲೂ ಹೆಚ್ಚಿಗೆ ಹೇಳುತ್ತಿಲ್ಲ. ಆಮೇಲೆ ಹಡಗುಗಳು ದೊಡ್ಡವಾದವು, ಅಳಿವೆಯಲ್ಲಿ ಹೂಳು ತುಂಬಿತು, ಹಡಗುಗಳೆಲ್ಲ ದೂರದ ಬಂದರಿಗೆ ಹೋದವು. ಹೋದವು ಒಮ್ಮೆಯೂ ತಿರುಗಿ ನೋಡಲಿಲ್ಲ. ಸಮುದ್ರ ಮಾತ್ರ ನಮ್ಮನ್ನು ಮರೆಯದೆ ವರ್ಷ ವರ್ಷವೂ ಇಷ್ಟಿಷ್ಟೇ ಹತ್ತಿರ ಬಂತು.

ಕೊಡ ಸೊಂಟಕ್ಕೇರಿಸಿಕೊಂಡು ಹೋಗುವಾಗ ಅವಳು ದಂಡೆಯಲ್ಲಿ ಒಂದು ನಿಮಿಷ ನಿಲ್ಲುತ್ತಾಳೆ. ದಿನವೂ ನಿಲ್ಲುತ್ತಾಳೆ.

"ಆ ನೀಲಿ ದೋಣಿ ಕಾಣ್ತಿದೆಯಲ್ಲ, ಅದರ ಕೆಳಗೆ ನಮ್ಮತ್ತೆ ಗುಂಡಿ," ಅನ್ನುತ್ತಾಳೆ. "ಈಗ ಅಲ್ಲಿ ಮೀನು ಸಂಸಾರ ಮಾಡುತ್ತೆ. ಸುಂಕದ ಕಚೇರಿ ಗೋಡೆ ವಾಲಿದೆಯಲ್ಲ, ಅದರ ಹಿಂದೆ ನಾನು ಮದುವೆಯಾಗಿ ಬಂದಾಗ ಇಳಿದ ಗುಂಡಿ. ಅದನ್ನೂ ಸಮುದ್ರ ತಗೊಂಡಿತು. ಬೀದಿ ಕೊನೆಯದು ಮೂರನೇದು." ಕೊಡವನ್ನು ಸೊಂಟದ ಮೇಲೆ ಸರಿಮಾಡಿಕೊಂಡು, "ಅತ್ತೆ ಗುಂಡಿ ನೀರು ಎಷ್ಟು ಸಪ್ಪೆ ಇತ್ತು ಗೊತ್ತಾ. ಒಮ್ಮೊಮ್ಮೆ ನಿದ್ದೆಯಲ್ಲಿ ಬಾಯಿಗೆ ಬರುತ್ತೆ ಆ ರುಚಿ. ಎದ್ದು ನೋಡಿದರೆ ಬಾಯಿ ಒಣಗಿರುತ್ತೆ."

ಸಪ್ಪೆ ಅಂದರೆ ನಮ್ಮಲ್ಲಿ ನೀರಿಗೆ ಕೊಡುವ ದೊಡ್ಡ ಮರ್ಯಾದೆ.

ಟೀ ಅಂಗಡಿಯವನು ಕೊಡದಿಂದ ಒಂದು ಹನಿ ನಾಲಿಗೆಗೆ ಹಾಕಿಕೊಂಡು ಮುಖ ಹಿಂಡುತ್ತಾನೆ. "ಅಕ್ಕಾ, ಇನ್ನೊಂದು ವಾರ ಹೀಗೇ ಆದರೆ ನಾನು ಟೀ ಬಿಟ್ಟು ಉಪ್ಪಿನಕಾಯಿ ಮಾರಬೇಕಾಗುತ್ತೆ."

"ಅದಾದರೂ ಚೆನ್ನಾಗಿ ಮಾಡು," ಅನ್ನುತ್ತಾಳೆ ಇವಳು. ಆದರೆ ಬೀದಿ ತಿರುಗಿದ ಮೇಲೆ ನಡಿಗೆ ನಿಧಾನವಾಗುತ್ತದೆ.

ಮೂರನೆಯ ಗುಂಡಿ ಸಮುದ್ರದಿಂದ ಕೆಟ್ಟದ್ದಲ್ಲ. ಪ್ರೀತಿಯಿಂದ ಕೆಟ್ಟದ್ದು. ಅವಳ ಮಗ ದೋಣಿಗಳ ಇಂಜಿನ್ ರಿಪೇರಿ ಮಾಡುತ್ತಾನೆ. ಸತ್ತ ಇಂಜಿನ್ನಿನ ಪಕ್ಕದಲ್ಲಿ ಇವನು ಕೆಮ್ಮಿದರೂ ಅದು ಎದ್ದು ಕೂರುತ್ತದೆ. ಎರಡು ಬೇಸಿಗೆಯ ಹಿಂದೆ, ಅಮ್ಮನ ಸೊಂಟ ನೋಡಲಾರದೆ, ಅವನೊಂದು ಪಂಪು ತಂದ. ಅವಳು ಮಾರುಕಟ್ಟೆಗೆ ಹೋಗಿದ್ದಾಗ ಗುಂಡಿಗೆ ಇಳಿಸಿದ. ಅಮ್ಮ ಬರುವಷ್ಟರಲ್ಲಿ ಕೊಡ, ಬಕೆಟ್ಟು, ಪಾತ್ರೆ ಎಲ್ಲ ತುಂಬಿಸಿ ಸಾಲಾಗಿ ಇಟ್ಟಿದ್ದ. ಅವಳು ಬಂದಳು, ನೋಡಿದಳು, ಮಗನ ಮುಖದಲ್ಲಿದ್ದ ನಗು ನೋಡಿದಳು. ಕೊನೆಯ ಬಕೆಟ್ಟಿಗೆ ಬೆರಳದ್ದಿ ನಾಲಿಗೆಗೆ ಹಚ್ಚಿಕೊಂಡಳು. ಉಪ್ಪು.

"ನಾನು ಏನೂ ಅನ್ನಲಿಲ್ಲ," ಅನ್ನುತ್ತಾಳೆ ಚಿಪ್ಪಿನಕ್ಕ. "ಅದೇ ತಪ್ಪಾಯ್ತೋ ಏನೋ. ಎರಡು ಬೈದಿದ್ದರೆ ಅಲ್ಲಿಗೇ ಮುಗೀತಿತ್ತು. ಅವನೇ ಬಗ್ಗಿ ರುಚಿ ನೋಡಿದ. ಅಷ್ಟೇ. ಅವತ್ತಿಂದ ನನ್ನ ಮನೇಲಿ ನನ್ನ ಮಗ ಅಂಗಡಿ ಬಾಟಲಿ ನೀರು ಕುಡೀತಾನೆ."

ಮಳೆ ಬಂದು ಗುಂಡಿ ಒಂದಿಷ್ಟು ಚೇತರಿಸಿಕೊಂಡಿತು. ಮಗ ಚೇತರಿಸಿಕೊಳ್ಳಲಿಲ್ಲ. ನೀರಿನ ಮಾತು ಬಂದರೆ ಎದ್ದು ಹೋಗುತ್ತಾನೆ. ಅವಳು ಪ್ರತಿ ಊಟಕ್ಕೂ ಅವನ ತಟ್ಟೆಯ ಪಕ್ಕ ಲೋಟ ಇಡುತ್ತಾಳೆ. ಊಟ ಮುಗಿದ ಮೇಲೆ ಆ ನೀರನ್ನು ಚೆಲ್ಲದೆ ತಾನೇ ಕುಡಿಯುತ್ತಾಳೆ.

ಈಗ ಗುಂಡಿಗೆ ನಾಲ್ಕನೆಯ ಜಾಗ ಬೇಕು. ಜಾಗ ಇದೆ. ಎಲ್ಲಿದೆ ಅನ್ನುವುದೇ ತೊಂದರೆ. ಇದನ್ನು ನನಗೆ ಹೇಳಿದ್ದು ಅವಳ ಸೊಸೆ, ಹೊಲಿಗೆ ಮಿಷನ್ ತುಳಿಯುತ್ತಾ, ಬಾಯಲ್ಲಿ ದಾರ ಕಚ್ಚಿಕೊಂಡು.

"ಒಂದು ದಿನ ನಮ್ಮ ಕೋಣೆಗೆ ಹೋಗ್ತೀನಿ, ಮಂಚದ ಕೆಳಗಿಂದ ಎರಡು ಕಾಲು ಹೊರಗೆ ಬಂದಿವೆ. ಕಿರುಚಬೇಕು ಅಂತಿದ್ದೆ, ಕಾಲ್ಗೆಜ್ಜೆ ಅತ್ತೇದು. 'ಅತ್ತೆ, ಬೆಕ್ಕು ಹುಡುಕ್ತಿದ್ದೀರಾ?' ಅಂದೆ. 'ಹೂಂ' ಅಂದರು. ಹೊರಗೆ ಬಂದರೆ ತುಟಿ ತುಂಬ ಮರಳು."

ಆ ಮನೆ ಊರಿನ ಎತ್ತರದ ಮರಳಿನ ಮೇಲಿದೆ. ಮಗನ ಕೋಣೆಯ ಮೂಲೆಯಲ್ಲಿ ಸಿಮೆಂಟು ಬಿರುಕು ಬಿಟ್ಟಿದೆ. ಆ ಬಿರುಕಿಗೆ ಬೆರಳು ಹಾಕಿ, ಒದ್ದೆ ಮರಳು ತೆಗೆದು, ನಾಲಿಗೆಗೆ ಇಟ್ಟುಕೊಂಡು ಅವಳು ಕಂಡುಹಿಡಿದಿದ್ದಾಳೆ. ಸಪ್ಪೆ. ಆದರೆ ಆ ನೆಲವನ್ನು ಮಗ ತನ್ನ ಮದುವೆಗೆ ತಾನೇ ಕೂತು ಹಾಕಿದ್ದು, ಕನ್ನಡಿಯ ಹಾಗೆ ಉಜ್ಜಿ ಉಜ್ಜಿ.

"ಕೇಳಬಾರದಾ ಅವನನ್ನ?" ಅಂದರೆ ಚಿಪ್ಪಿನಕ್ಕ ತಲೆ ಆಡಿಸುತ್ತಾಳೆ. "ಹೇಗೆ ಕೇಳ್ಲಿ? ನೀನು ನನ್ನ ಗುಂಡಿ ಕೆಡಿಸಿದೆ, ಈಗ ನಿನ್ನ ಕೋಣೆ ಕೊಡು ಅಂದ ಹಾಗಾಗುತ್ತೆ. ಊರು ಬೇಕಾದರೆ ಬಾಯಾರಲಿ. ಅವನಿಗೆ ಹಾಗೆ ಅನ್ನಿಸಬಾರದು."

ಮಧ್ಯಾಹ್ನ ಮಗ ಊಟಕ್ಕೆ ಬರುತ್ತಾನೆ. ಗ್ರೀಸಿನ ಕೈ, ಅದರಲ್ಲಿ ಅಂಗಡಿ ನೀರಿನ ಬಾಟಲಿ. ಅಮ್ಮ ಬಡಿಸಿದ್ದನ್ನೆಲ್ಲ ತಿನ್ನುತ್ತಾನೆ. ಲೋಟ ಮುಟ್ಟುವುದಿಲ್ಲ. ಬಾಟಲಿಯ ಮುಚ್ಚಳ ಕಟಕ್ ಅನ್ನುವಾಗ ಅವಳು ಒಲೆಯ ಕಡೆ ತಿರುಗುತ್ತಾಳೆ. ಸೊಸೆ ಅದನ್ನು ನೋಡುತ್ತಾಳೆ, ನನ್ನನ್ನೂ ನೋಡುತ್ತಾಳೆ.

"ರೀ, ರಾತ್ರಿ ನಿಮಗೆ ಬೆನ್ನು ತಣ್ಣಗಾಗಲ್ವಾ?" ಅನ್ನುತ್ತಾಳೆ.

"ಯಾಕೆ?"

"ನಿಮ್ಮ ಮಂಚದ ಕೆಳಗೆ ಊರಿನ ನೀರೆಲ್ಲ ಇದೆಯಂತೆ. ನಿಮ್ಮಮ್ಮ ದಿನಾ ಹೋಗಿ ರುಚಿ ನೋಡಿ ಬರ್ತಾರೆ."

"ಇವಳ ಮಾತಿಗೆ ಕಿವಿ ಕೊಡಬೇಡ," ಅನ್ನುತ್ತಾಳೆ ಚಿಪ್ಪಿನಕ್ಕ, ಒಲೆಯ ಕಡೆ ಮುಖ ಮಾಡಿಯೇ. "ಬೆಕ್ಕು ಹುಡುಕೋಕೆ ಹೋಗಿದ್ದೆ."

"ನಮ್ಮ ಮನೇಲಿ ಬೆಕ್ಕು ಎಲ್ಲಿದೆ ಅಮ್ಮ?"

ಮಗ ಕೈ ತೊಳೆದು ಕೋಣೆಗೆ ಹೋಗುತ್ತಾನೆ. ಮಂಚ ಎಳೆಯುವ ಸದ್ದು. ಆಮೇಲೆ ಹಾರೆ ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಾನೆ.

"ಯಾವ ಮೂಲೆ?"

ಅಮ್ಮ ಒಲೆಯ ಕಡೆಯಿಂದ ತಿರುಗುತ್ತಾಳೆ. "ಕಿಟಕಿ ಪಕ್ಕದ್ದು," ಅನ್ನುತ್ತಾಳೆ. "ಆ ನೆಲ ನೀನೇ ಹಾಕಿದ್ದಲ್ವೇನೋ."

"ಅದಕ್ಕೇ, ಒಡೆಯೋದು ಎಲ್ಲಿಂದ ಅಂತ ನನಗೆ ಗೊತ್ತು."

ಗುಂಡಿ ಅವನ ಎದೆಮಟ್ಟಕ್ಕೆ ಬಂದಾಗ ಮರಳು ಕಪ್ಪಾಗುತ್ತದೆ, ಪಾದದ ಸುತ್ತ ನೀರು ಮಿನುಗುತ್ತದೆ. ತಳವಿಲ್ಲದ ಹಳೇ ಡ್ರಮ್ಮೊಂದನ್ನು ತಂದು, ಮರಳು ಕುಸಿಯದ ಹಾಗೆ ಇಳಿಸುತ್ತಾನೆ. ನೀರು ತಿಳಿಯಾಗಲಿಕ್ಕೆ ಕೆಲವು ದಿನ ಬಿಡಬೇಕು, ಬಿಡುತ್ತಾರೆ. ಮಂಚ ಈಗ ನಡುಮನೆಯಲ್ಲಿ, ಹೊಲಿಗೆ ಮಿಷನ್ನಿನ ಪಕ್ಕ. "ಊರಲ್ಲಿ ಎಲ್ಲರ ಮನೆಗೂ ನೆಂಟರು ನಡುಮನೆಗೆ ಬರ್ತಾರೆ," ಅನ್ನುತ್ತಾಳೆ ಸೊಸೆ. "ನಮ್ಮ ಮನೇಲಿ ಕೊಡ ಹಿಡ್ಕೊಂಡು ಸೀದಾ ಮಲಗೋ ಕೋಣೆಗೇ." ಟೀ ಅಂಗಡಿಯವನು ಉಪ್ಪಿನಕಾಯಿಯ ಯೋಚನೆ ಬಿಟ್ಟಿದ್ದಾನೆ.

ಆದರೆ ಬಾಟಲಿ ಹೋಗಿಲ್ಲ. ನಾನೇ ಅವನನ್ನು ಹಿಡಿದು ಕೇಳಿದೆ, ನನಗೆ ನಾಚಿಕೆ ಯಾವ ಕಾಲದ್ದು. "ನೆಲ ಒಡೆದೆ, ನೀರು ಯಾಕೆ ಕುಡಿಯಲ್ಲ?"

"ಬೇಡ ದೊಡ್ಡಮ್ಮ," ಅಂದ. "ನಾನು ಮುಟ್ಟಿದರೆ ಇದೂ ಕೆಡುತ್ತೇನೋ ಅನ್ನಿಸುತ್ತೆ."

ಇದನ್ನು ನಾನು ಚಿಪ್ಪಿನಕ್ಕನಿಗೆ ಹೇಳಿದೆ. ನನ್ನ ಹೊಟ್ಟೆಯಲ್ಲಿ ಮಾತು ನಿಂತದ್ದು ಯಾವಾಗ? ಅವಳು ಕೇಳಿಸಿಕೊಂಡು, ಕೈಯಲ್ಲಿದ್ದ ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದಳು.

ಇವತ್ತು ಬೆಳಕು ಹರಿಯುವ ಮುಂಚೆ ಅವರ ಮನೆಗೆ ಹೋಗುತ್ತೇನೆ. ಕೋಣೆಯ ಗುಂಡಿಗೆ ಬಗ್ಗಿ ನೋಡಿದರೆ ಬಿಳಿಕೂದಲಿನ ಗಂಟು ಇಲ್ಲ. ಕಪ್ಪು ತಲೆ. ಮಗ ಕುಕ್ಕರುಗಾಲಿನಲ್ಲಿ ಕೂತಿದ್ದಾನೆ, ಮೊಣಕಾಲು ಕಿವಿಗೆ ತಾಗುವ ಹಾಗೆ. ಇಂಜಿನ್ ತಿರುಗಿಸುವ ಆ ದಪ್ಪ ಬೆರಳುಗಳಲ್ಲಿ ಚಿಪ್ಪು. ತಾಗಿಸುತ್ತಾನೆ. ಒಂದು ಗುಟುಕು. ಕಾಯುತ್ತಾನೆ.

ಅಮ್ಮ ಮೇಲೆ ಗೋಡೆಗೊರಗಿ ಕಾಲು ಚಾಚಿ ಕೂತಿದ್ದಾಳೆ. "ಸೊಂಟ ಹಿಡ್ಕೊಂಡಿದೆ ಅಂದೆ," ಅಂತ ನನ್ನ ಕಿವಿಯಲ್ಲಿ ಅನ್ನುತ್ತಾಳೆ. "ಹಿಡ್ಕೊಂಡಿಲ್ಲ. ಚಿಪ್ಪು ಅವನ ಕೈಗೆ ಕೊಡಬೇಕಿತ್ತು."

ಕೊಡ ತುಂಬುವಷ್ಟರಲ್ಲಿ ಅವನಿಗೆ ಕೆಲಸಕ್ಕೆ ಹೊತ್ತಾಗುತ್ತದೆ. ಮೇಲೆ ಬಂದು, ಚಿಪ್ಪು ಅಮ್ಮನ ಪಕ್ಕದಲ್ಲಿಟ್ಟು ಹೋಗುತ್ತಾನೆ. ಅವಳು ಕೊಡಕ್ಕೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತಾಳೆ. ಬಹಳ ಹೊತ್ತು ಬೆರಳು ಬಾಯಿಂದ ತೆಗೆಯುವುದಿಲ್ಲ.

"ಹೇಗಿದೆ?"

"ನಮ್ಮತ್ತೆ ಗುಂಡಿದು," ಅನ್ನುತ್ತಾಳೆ.

ಪೇಪರಿನವರು ಕೊನೆಯಲ್ಲಿ ಒಂದು ಆಸೆ ಕೇಳಿಕೊಂಡು ಬಾ ಅಂದಿದ್ದಾರೆ. ಕೇಳುತ್ತೇನೆ. ಊರಿನವರು ಸನ್ಮಾನ ಮಾಡಬೇಕಾ, ಶಾಲು ಹೊದಿಸಬೇಕಾ, ನಿನ್ನ ಹೆಸರಲ್ಲಿ ಬೀದಿ ಆಗಬೇಕಾ?

"ಬೀದಿ ತಗೊಂಡು ಏನು ಮಾಡ್ಲಿ, ಸಮುದ್ರ ತಿನ್ನೋಕಾ?" ಅಂತ ನಗುತ್ತಾಳೆ. ಆಮೇಲೆ ಹೊಸ್ತಿಲ ಕಡೆ ನೋಡುತ್ತಾಳೆ. "ಎಲ್ಲರ ಮಕ್ಕಳು ಮನೆಗೆ ಏನಾದರೂ ತರಲಿ ಅಂತ ತಾಯಂದಿರು ಕಾಯ್ತಾರೆ. ನನ್ನ ಮಗ ಒಂದು ದಿನ ಬಾಟಲಿ ಬಿಟ್ಟು ಕೈ ಬೀಸಿಕೊಂಡು ಬರಲಿ. ಅಷ್ಟು ಸಾಕು."

ಮಧ್ಯಾಹ್ನವಾಗುತ್ತದೆ. ನಾವಿಬ್ಬರೂ ಹೊಸ್ತಿಲಲ್ಲಿ ಕೂತಿದ್ದೇವೆ. ಬಿಸಿಲಿಗೆ ಬೀದಿ ಬೆಳ್ಳಗೆ ಉರಿಯುತ್ತಿದೆ. ಅದರ ತುದಿಯಲ್ಲಿ ಯಾರೋ ತಿರುಗಿ ಈ ಕಡೆ ಬರುತ್ತಾರೆ. ನನ್ನ ಕಣ್ಣಿಗೆ ಅಷ್ಟು ದೂರಕ್ಕೆ ಆನೆಯೂ ಒಂದೇ, ಅಳಿಯನೂ ಒಂದೇ. ಅವಳು ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಾಳೆ. ಮುಖ ನೋಡುತ್ತಿಲ್ಲ, ಕೈ ನೋಡುತ್ತಿದ್ದಾಳೆ. ಒಂದು ಕೈ, ಆಮೇಲೆ ಇನ್ನೊಂದು.

ಎದ್ದು, ಒಳಗೆ ಹೋಗಿ, ಲೋಟ ತೊಳೆಯುತ್ತಾಳೆ.