ಎರಡು ಬಾಗಿಲಿನ ಕಾರಿಗೆ ಹೂ ಕೇಳಿದ್ದು

"ಹಿಂದೆ ಎಷ್ಟು ಜನ ಕೂರಬಹುದು?" ಎಂದು ಕೇಳುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನಾನು ಕಾರು ಕೊಳ್ಳುತ್ತೇನೆ ಎಂದ ದಿನದಿಂದ ಕಂಪಲಾಪುರದ ಗೊಬ್ಬರದ ಅಂಗಡಿಯಲ್ಲಿ, ನಮ್ಮೂರ ಹಾಲಿನ ಡೇರಿಯಲ್ಲಿ, ಬಸ್ ನಿಲ್ಲುವ ಅರಳೀಕಟ್ಟೆಯಲ್ಲಿ ಎಲ್ಲರೂ ಕೇಳಿದ್ದು ಇದೊಂದನ್ನೇ. ಎಂಜಿನ್ ಹೇಗಿದೆ, ನೀನೇ ಓಡಿಸುತ್ತೀಯಾ, ಎಲ್ಲಿಗೆ ಹೋಗುತ್ತೀಯಾ ಎಂದು ಒಬ್ಬರೂ ಕೇಳಲಿಲ್ಲ. ನಾನಿನ್ನೂ ಕೊಳ್ಳದ ಕಾರಿನ ಹಿಂದಿನ ಸೀಟಿನ ಮೇಲೆ ಆಗಲೇ ಊರಿಗೆಲ್ಲ ಹಕ್ಕು ಬಂದುಬಿಟ್ಟಿತ್ತು.

ನಾನು ಶುಂಠಿ ಬೆಳೆಯುವವಳು. ಗಂಡ ಸತ್ತ ಮೇಲೆ ತವರಿಗೆ ಬಂದು, ಅಣ್ಣನ ಮನೆಯ ಪಕ್ಕದಲ್ಲೇ ಒಂದು ಮನೆ ಕಟ್ಟಿಕೊಂಡು ಅವ್ವನ ಜೊತೆಗಿದ್ದೇನೆ. ಎಚ್.ಡಿ. ಕೋಟೆಯ ಹ್ಯಾಂಡ್‌ಪೋಸ್ಟ್ ಕಡೆ ಜಮೀನು ಗುತ್ತಿಗೆಗೆ ಹಿಡಿದು, ಕೇರಳದ ಒಬ್ಬ ವ್ಯಾಪಾರಿಯ ಜೊತೆ ಪಾಲಿನಲ್ಲಿ ಶುಂಠಿ ಹಾಕುತ್ತೇನೆ. ಕೊಳೆರೋಗ ಬಂದು ಗೆಡ್ಡೆಯೆಲ್ಲ ಹಾಳಾದ ವರ್ಷಗಳನ್ನು ನೋಡಿದ್ದೇನೆ. ಬೆಲೆ ಏರಿದ ವರ್ಷವೂ ಬಂತು. ಟ್ರ್ಯಾಕ್ಟರ್ ನಾನೇ ಓಡಿಸುತ್ತೇನೆ, ಮೂಟೆ ಹೇರಿದ ಪಿಕಪ್ ಅನ್ನು ಮಳೆಗಾಲದ ಕೆಸರಿನಿಂದ ನಾನೇ ಎಬ್ಬಿಸಿಕೊಂಡು ಬರುತ್ತೇನೆ. ಅದಕ್ಕೆ ಯಾರ ತಕರಾರೂ ಇರಲಿಲ್ಲ. ಹೆಂಗಸು ಹೊರೆ ಸಾಗಿಸಿದರೆ ಯಾರಿಗೂ ಏನೂ ಅನ್ನಿಸುವುದಿಲ್ಲ.

ಒಂದು ದಿನ ಹ್ಯಾಂಡ್‌ಪೋಸ್ಟ್‌ನಲ್ಲಿ ಪಿಕಪ್ ಕೆಟ್ಟು ನಿಂತಿತು. ನನ್ನ ಪಾಲುದಾರ ವ್ಯಾಪಾರಿ ತನ್ನ ಕಾರಿನಲ್ಲಿ ಹುಣಸೂರಿನವರೆಗೆ ಬಿಟ್ಟ. ಕಡು ಹಸಿರು ಬಣ್ಣದ, ಮೂತಿ ಉದ್ದ, ನೆಲಕ್ಕೆ ಅಂಟಿದ ಹಾಗಿದ್ದ ಕಾರು. ಎರಡೇ ಬಾಗಿಲು. ಮಾರುವವರು ಇಂಥದ್ದನ್ನು ಗ್ರ್ಯಾಂಡ್ ಟೂರರ್ ಎನ್ನುತ್ತಾರಂತೆ. ಇಬ್ಬರು ಆರಾಮಾಗಿ ಕೂತು ದೂರ ದೂರ ಹೋಗುವುದಕ್ಕೆಂದೇ ಮಾಡಿದ ಗಾಡಿ, ಹಿಂದಿನ ಸೀಟು ಹೆಸರಿಗಷ್ಟೇ. ಅಷ್ಟು ದಾರಿಯಲ್ಲೇ ನನಗೆ ಹುಚ್ಚು ಹಿಡಿಯಿತು. ಅಷ್ಟು ವರ್ಷ ನಾನು ಹೋಗಿದ್ದೆಲ್ಲ ದೇವಸ್ಥಾನಕ್ಕೆ, ಆಸ್ಪತ್ರೆಗೆ, ಮದುವೆಗೆ. ಯಾವ ಕಾರಣವೂ ಇಲ್ಲದೆ ಎಲ್ಲಿಗೂ ಹೋದವಳಲ್ಲ. ಕೊಡಗಿನ ಕುಟ್ಟದ ಮೇಲೆ ಹಾದು ಘಟ್ಟ ಇಳಿದರೆ ಸಮುದ್ರ ಸಿಗುತ್ತದೆ ಎಂದು ಕೂಲಿಗೆ ಬರುವ ಮಲಯಾಳಿ ಹೆಂಗಸರು ಹೇಳುತ್ತಿದ್ದರು. ನಾನು ನೋಡಿಲ್ಲ. ನಾನೇ ಓಡಿಸಿಕೊಂಡು, ಒಬ್ಬಳೇ ಹೋಗಿ ನೋಡಬೇಕು ಅನ್ನಿಸಿತು. ಕಾರನ್ನು ಮಾರುತ್ತೇನೆ ಎಂದು ವ್ಯಾಪಾರಿ ಹೇಳಿದ್ದೇ ತಡ, ಮನೆಗೆ ಬಂದು ಬಾಯಿ ಬಿಟ್ಟೆ. ಬಿಡಬಾರದಿತ್ತು.

"ಏಳು ಜನ ಕೂರೋ ಗಾಡಿ ತಗೋ ಕಣಮ್ಮಿ," ಎಂದ ಅಣ್ಣ. "ಅವ್ವುನ್ನ ಕರ್ಕೊಂಡು ಎಲ್ರೂ ಓಗ್ಬೌದು."

ದೊಡ್ಡಪ್ಪನ ಚಿಂತೆ ಇನ್ನೂ ದೊಡ್ಡದು. "ಮದ್ವೆಗೆ ಗಂಡು ಕರ್ಕೊಂಡ್ ಬರಾಕೆ ಆಯ್ತದಾ? ಗಂಡು ಮುಂದ್ಗಡೆ ಕೂತ್ರೆ ಕಳಸಗಿತ್ತಿ ಎಲ್ಲಿ ಕೂರ್ತಾಳೆ?"

ಯಾರ ಮದುವೆ ಎಂದು ಕೇಳಿದೆ. ಯಾರದಾದರೂ ಆಗುತ್ತದಲ್ಲ ಎಂದರು. ಇನ್ನೂ ಗೊತ್ತಾಗದ ಹೆಣ್ಣಿನ, ಇನ್ನೂ ಹುಟ್ಟದ ಸಂಬಂಧದ, ಕಳಶ ಹಿಡಿಯುವ ಕಳಶಗಿತ್ತಿಗೂ ನನ್ನ ಕಾರಿನಲ್ಲಿ ಜಾಗ ಕಾದಿರಿಸಬೇಕಿತ್ತು.

ನಾನು ಹಟ ಬಿಡಲಿಲ್ಲ. ಆಗ ಅಣ್ಣ ವರಸೆ ಬದಲಿಸಿದ. ಎರಡು ಬಾಗಿಲಿನದೇ ಬೇಕಾದರೆ ಕೇರಳದ ಹಳೇ ಗಾಡಿ ಯಾಕೆ, ಕೆ.ಆರ್. ನಗರದ ಭೇರ್ಯದಲ್ಲಿ ಅಕ್ಕಿ ಗಿರಣಿಯವರೊಬ್ಬರ ಹತ್ತಿರ ಅಂಥದ್ದೇ ಇದೆ, ಬೆಳ್ಳಿ ಬಣ್ಣದ್ದು, ನಮ್ಮ ರಾಜ್ಯದ್ದೇ ನಂಬರು ಎಂದ. ಸರಿ, ನೋಡೋಣ ಎಂದು ಹೊರಟೆವು.

ಗಿರಣಿಯವರು ಕಾರಿನ ಮೇಲಿನ ಹೊದಿಕೆ ತೆಗೆದು, ಬೀಗದ ಕೈಯನ್ನು ಅಣ್ಣನ ಕೈಗೆ ಕೊಟ್ಟರು. ಕೊಳ್ಳುವವಳು ನಾನು ಎಂದೆ. "ಗೊತ್ತು, ಗೊತ್ತು," ಎಂದು ನಗುತ್ತಾ ಮತ್ತೆ ಅಣ್ಣನ ಕಡೆಗೇ ತಿರುಗಿ ಮೈಲೇಜು ಹೇಳತೊಡಗಿದರು. ಮುಂದಿನ ಸೀಟಿನಲ್ಲಿ ಅವರು, ಸ್ಟಿಯರಿಂಗ್ ಮುಂದೆ ಅಣ್ಣ. ನನಗೆ ಸೀಟು ಮಡಿಸಿ ಹಿಂದಕ್ಕೆ ದಾರಿ ಬಿಟ್ಟರು. ಶುಂಠಿ ಮೂಟೆ ತುರುಕಿದ ಹಾಗೆ ನನ್ನನ್ನು ಅಲ್ಲಿಗೆ ತುರುಕಿದರು. ಮೊಣಕಾಲು ಎದೆಗೆ ತಾಗುತ್ತಿತ್ತು, ತಲೆ ಗಾಜಿಗೆ ಹೊಡೆಯುತ್ತಿತ್ತು. ಅಣ್ಣನಿಗೆ ಗೇರಿಲ್ಲದ ಗಾಡಿ ಗೊತ್ತಿಲ್ಲ. ಎಡಗಾಲಿನಲ್ಲಿ ಕ್ಲಚ್ ಹುಡುಕಿ ಬ್ರೇಕನ್ನೇ ಅದುಮಿದ. ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ನಿಲ್ಲಿಸು, ಇಳಿಯಬೇಕು ಎಂದು ಕೂಗಿದೆ. ಹಿಂದೆ ಬಾಗಿಲೇ ಇಲ್ಲವಲ್ಲ. ಅವರಿಬ್ಬರೂ ಮಾತು ಮುಗಿಸಿ, ಇಳಿದು, ಸೀಟು ಮಡಿಸುವವರೆಗೆ ನಾನು ಅಲ್ಲೇ ಬಿದ್ದಿರಬೇಕಾಯಿತು. ನನ್ನ ದುಡ್ಡಿನಲ್ಲಿ ಕೊಳ್ಳಬೇಕಾದ ಕಾರಿನಿಂದ ಇಳಿಯುವುದಕ್ಕೂ ಅವರು ದಾರಿ ಬಿಡಬೇಕಿತ್ತು.

ಸಿಟ್ಟಿನಲ್ಲಿ ಆ ಕಾರನ್ನು ಬೇಡ ಅನ್ನುವ ಹಾಗೂ ಇರಲಿಲ್ಲ. ಕೊನೆಗೆ ಬೀಗದ ಕೈ ಕಿತ್ತುಕೊಂಡು ನಾನೇ ಒಂದು ಸುತ್ತು ಹೋದೆ. ಕೆನೆ ಬಣ್ಣದ ಚರ್ಮದ ಸೀಟು ಬೆನ್ನನ್ನು ಹಿಡಿದುಕೊಂಡಿತು. ಎಂಜಿನ್ ಇದೆಯೋ ಇಲ್ಲವೋ ಅನ್ನುವಷ್ಟು ಮೆತ್ತಗೆ ಓಡಿತು. ಒಳ್ಳೆಯ ಕಾರು, ಸುಳ್ಳು ಯಾಕೆ ಹೇಳಲಿ.

ಮಾರನೆಯ ದಿನ ಹ್ಯಾಂಡ್‌ಪೋಸ್ಟ್‌ಗೆ ಹೋದೆವು. ವ್ಯಾಪಾರಿ ತನ್ನ ಅರೆಬರೆ ಕನ್ನಡದಲ್ಲಿ, "ಚೇಚಿ, ನೀವೇ ಓಡಿಸಿ ನೋಡಿ," ಎಂದು ಬೀಗದ ಕೈಯನ್ನು ನನಗೆ ಕೊಟ್ಟ. ಅಣ್ಣ ಹಿಂದೆ ಕೂರಲು ಒಪ್ಪದೆ ಚಹಾ ಅಂಗಡಿಯಲ್ಲೇ ಉಳಿದ, ಅವನಿಗೆ ಜೊತೆಯಾಗಿ ವ್ಯಾಪಾರಿಯೂ ಇಳಿದುಕೊಂಡ. ಹಸಿರು ಕಾರು ಹಳೆಯದು. ಗೇರು ಕೈಯಲ್ಲೇ ಹಾಕಬೇಕು, ಸ್ಟಿಯರಿಂಗ್ ಗಟ್ಟಿ, ನಿಲ್ಲಿಸಿದ ಜಾಗದಲ್ಲಿ ಒಂದು ಹನಿ ಎಣ್ಣೆ. ಬಿಡಿಭಾಗ ಬೇಕಾದರೆ ಕೊಚ್ಚಿಯಿಂದಲೇ ತರಿಸಬೇಕಂತೆ. ಆದರೆ ಹುಣಸೂರು ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ ಕಾಲು ಕೊಟ್ಟಾಗ ಅದು ಗುಟುರು ಹಾಕಿ ಎದ್ದಿತು. ನನಗೆ ನಗು ಬಂತು. ಒಬ್ಬಳೇ ಕೂತು ಜೋರಾಗಿ ನಕ್ಕೆ.

ಹೀಗೆ ಎರಡೂ ಮನಸ್ಸಿನಲ್ಲಿ ಕೂತವು. ಒಂದು ಹೊಸದಾದ್ದು, ನೆಮ್ಮದಿಯದ್ದು. ಇನ್ನೊಂದು ತಾಪತ್ರಯದ್ದು, ಖುಷಿಯದ್ದು. ಯೋಚಿಸಿ ಹೇಳುತ್ತೇನೆ ಎಂದೆ. ಅಷ್ಟು ಹೇಳಿದ್ದೇ ಅಣ್ಣನಿಗೆ ಸಾಕಾಯಿತು.

"ನಾಳೆ ಬೇಗೆದ್ದು ಸ್ನಾನ ಮಾಡು. ಅಮ್ಮನವ್ರತ್ರ ಹೂ ಕೇಳ್ಬುಡಮ."

ನಮ್ಮ ಕಡೆ ಹೂ ಕೇಳದೆ ಏನೂ ನಡೆಯುವುದಿಲ್ಲ. ಪೂಜಾರಿ ಎರಡು ಹೂವಿನ ಎಸಳನ್ನು ನೀರಿನಲ್ಲಿ ಅದ್ದಿ ದೇವಿಯ ಬಲ ಭುಜಕ್ಕೊಂದು, ಎಡ ಭುಜಕ್ಕೊಂದು ಅಂಟಿಸುತ್ತಾನೆ. ಬಲದ್ದು ಮೊದಲು ಬಿದ್ದರೆ ಒಪ್ಪಿಗೆ, ಎಡದ್ದು ಬಿದ್ದರೆ ಬೇಡ. ಬೋರ್‌ವೆಲ್ ಕೊರೆಸುವುದಕ್ಕೂ ಇದೇ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಕಟ್ಟುವುದಕ್ಕೂ ಇದೇ. ಮಾರನೆಯ ಬೆಳಿಗ್ಗೆ ಗುಡಿಯಲ್ಲಿ ಅಣ್ಣ ಇದನ್ನು ತನಗೆ ಬೇಕಾದ ಹಾಗೆ ತಿರುಗಿಸಿದ. ಬಲಕ್ಕೆ ಬಿದ್ದರೆ ಭೇರ್ಯದ ಬೆಳ್ಳಿ, ಎಡಕ್ಕೆ ಬಿದ್ದರೆ ಹ್ಯಾಂಡ್‌ಪೋಸ್ಟಿನ ಹಸಿರು ಎಂದು ಗಟ್ಟಿಯಾಗಿ ಹೇಳಿ, ಎಲ್ಲರ ಮುಂದೆ ಕೈ ಮುಗಿದ. ನಾನು ಬೇಡ ಎಂದೆ. ಅವ್ವ ಕಣ್ಣಲ್ಲಿ ನೀರು ತಂದುಕೊಂಡಳು. ಅವ್ವನ ಕಣ್ಣೀರಿಗೆ ನಾನು ಯಾವಾಗಲೂ ಸೋಲುತ್ತೇನೆ, ಅದು ಅವಳಿಗೂ ಗೊತ್ತು.

ಬೆಳಿಗ್ಗೆಯಿಂದ ಕೂತೆವು. ಗುಡಿಯ ಮುಂದೆ ಒಬ್ಬೊಬ್ಬರಾಗಿ ಇನ್ನಷ್ಟು ಜನ ಸೇರಿದರು. ಪೂಜಾರಿ ಗಂಟೆ ಬಾರಿಸಿ, "ಕೊಡವ್ವ, ಕೊಡು," ಎಂದು ದೇವಿಯನ್ನು ಪುಸಲಾಯಿಸುತ್ತಿದ್ದ. ಎಸಳುಗಳು ಅಲುಗಾಡಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದು ಕಲ್ಲಿನ ಭುಜವನ್ನು ನೋಡುತ್ತಿದ್ದರು. ನನ್ನ ಮುಖವನ್ನು ಯಾರೂ ನೋಡಲಿಲ್ಲ. ಬಿಸಿಲು ಗುಡಿಯ ಹೊಸ್ತಿಲಿಗೆ ಬಂದ ಮೇಲೆ ಎಡಗಡೆಯ ಎಸಳು ಜಾರಿ ಬಿತ್ತು.

ಹಸಿರು ಎಂದುಕೊಂಡೆ.

ಅಣ್ಣ ತಲೆ ಕೆರೆದುಕೊಂಡ. ಪೂಜಾರಿಯ ಕಡೆ ನೋಡಿದ. ಪೂಜಾರಿ ಅವನ ಕಡೆ ನೋಡಿದ. ಆಮೇಲೆ ಅಣ್ಣ ಹೇಳಿದ: "ಎಡ ಅಂದ್ರೆ ಬ್ಯಾಡ ಅಂತ ತಾನೆ? ಅಮ್ಮನವ್ರು ಈ ಕಾರೇ ಬ್ಯಾಡ ಅಂದ್ರು ಕಣಮ್ಮಿ. ಏಳು ಸೀಟಿಂದೇ ನೋಡಮ."

"ಎಡಕ್ ಬಿದ್ರೆ ಹಸ್ರು ಅಂತ ನೀನೇ ಅಲ್ವಾ ಯೋಳಿದ್ದು?"

"ಯೋಳ್ದೆ. ಆದ್ರೂ ಎಡ ಎಡಾನೇ."

ಸುತ್ತ ಕೂತವರೆಲ್ಲ ಹೌದು ಹೌದು ಎಂದು ತಲೆ ಆಡಿಸಿದರು. ಬೆಳಿಗ್ಗೆ ಅಷ್ಟು ಜನರ ಕಿವಿಗೆ ಬಿದ್ದ ಮಾತು ಮಧ್ಯಾಹ್ನಕ್ಕೆ ಒಬ್ಬರಿಗೂ ನೆನಪಿರಲಿಲ್ಲ. ನನಗೆ ತಲೆ ಕೆಟ್ಟುಹೋಯಿತು. ಎದ್ದು ನಿಂತೆ. ಗುಡಿಯೆಂದೂ ನೋಡಲಿಲ್ಲ, ಜನವೆಂದೂ ನೋಡಲಿಲ್ಲ.

"ನನ್ ಮದ್ವೆಗೆ ಯಾವ್ ಕಡೆ ಹೂ ಬಿದ್ದಿತ್ತು? ಯೋಳಣ್ಣ. ಬಲಗಡೆ ತಾನೆ? ಎಲ್ರೂ ಕುಣಿದ್ರಲ್ಲ ಅವತ್ತು! ಕುಡ್ಕನ್ ಕೈಗೆ ಕೊಟ್ರಿ ನನ್ನ. ಸ್ಕೂಟ್ರು ಕಲೀತೀನಿ ಅಂದಿದ್ಕೆ ಕೆನ್ನೆಗ್ ಬಾರಿಸ್ದ. ಅದ್ರ ಬೀಗದ ಕೈನ ಉಡಿದಾರಕ್ಕೆ ಕಟ್ಕೊಂಡು ಮಲಗೋನು. ಅವ್ನು ಸಾಯೋವರ್ಗೂ ನಾನು ಹೊಸ್ತಿಲು ದಾಟ್ಲಿಲ್ಲ. ಬಲಗಡೆ ಹೂವಂತೆ! ಅವತ್ತೂ ಅಮ್ಮನವ್ರನ್ನ ಕೇಳಿದ್ರಿ, ಇವತ್ತೂ ಅಮ್ಮನವ್ರನ್ನ ಕೇಳಿದ್ರಿ. ನನ್ನ ಕೇಳಿದ್ರಾ? ಒಂದ್ ದಿನ ಕೇಳಿದ್ರಾ?"

ನನ್ನ ಗಂಟಲು ಹರಿದುಹೋಗಿತ್ತು. ಅಣ್ಣ ಕೆಟ್ಟವನಲ್ಲ, ಆ ಗಂಡು ಹುಡುಕಿದವನೂ ಅವನಲ್ಲ. ಅವನ ಮುಖ ಬಾಡಿತು. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡು ಮೆಲ್ಲಗೆ ಹೇಳಿದ: "ಸರಿ ಬುಡು. ಯೋಳು. ನಿಂಗೆ ಯಾವ್ದು ಬೇಕು?"

ನಾನು ಬಾಯಿ ತೆರೆದೆ. ಮಾತು ಹೊರಡಲಿಲ್ಲ.

ಕೆನೆ ಬಣ್ಣದ ಸೀಟು ನೆನಪಾಯಿತು. ಅದರ ಹಿಂದೆಯೇ ಹಸಿರು ಕಾರಿನ ಗೇರಿನ ಹಿಡಿ ನೆನಪಾಯಿತು. ಅಣ್ಣ ಬೆಳ್ಳಿಯದನ್ನು ಹೊಗಳಿದ್ದು, ಅವನು ಹೊಗಳಿದ್ದಕ್ಕೇ ನಾನು ಮುಖ ತಿರುಗಿಸಿದ್ದು, ಎಲ್ಲ ಒಂದರ ಮೇಲೊಂದು ಬಂದವು. ಯಾವುದು ನನ್ನ ಇಷ್ಟ, ಯಾವುದು ಇವರ ಮೇಲಿನ ಹಟ ಎಂದು ಬೇರೆ ಮಾಡಲು ನನಗೆ ಬರಲಿಲ್ಲ. ಯಾವ ನೆಲಕ್ಕೆ ಎಷ್ಟು ಗೊಬ್ಬರ, ಯಾವ ಗೆಡ್ಡೆ ಬಿತ್ತನೆಗೆ, ಯಾವುದು ಮಾರಾಟಕ್ಕೆ ಎಂದು ಕಣ್ಣು ಮುಚ್ಚಿ ಹೇಳುವವಳು ನಾನು. ಅದೆಲ್ಲ ಬೇಕಾದ್ದು, ಆಗಬೇಕಾದ್ದು. ನಿನಗೇನು ಬೇಕು ಎಂದು ಐವತ್ತು ದಾಟಿದ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಆ ಪ್ರಶ್ನೆಗೆ ಉತ್ತರ ಕೊಟ್ಟು ಅಭ್ಯಾಸವೇ ಇರಲಿಲ್ಲ. ಆಗ ಬಂದ ಸಿಟ್ಟಿದೆಯಲ್ಲ, ಕೆನ್ನೆಗೆ ಹೊಡೆಸಿಕೊಂಡ ದಿನವೂ ಅಷ್ಟು ಬಂದಿರಲಿಲ್ಲ. ಇಷ್ಟಪಡುವುದನ್ನೇ ನನಗೆ ಕಲಿಸದೆ ಬೆಳೆಸಿದ್ದರಲ್ಲ ಇವರು.

ನನ್ನ ಮೌನ ನೋಡಿ ಅವ್ವ ಶುರು ಮಾಡಿದಳು. "ಅವ್ಳಿಗೆ ಬೆಳ್ಳೀದೇ ಸರಿ ಕಣ್ಲಾ ಮಗ, ಸೊಂಟ ನೋವು ಅಂತಿದ್ಲು, ಸೀಟು ಮೆತ್ತಗೈತಂತೆ..."

"ಸುಮ್ನಿರವ್ವ! ನಾನೇ ಯೋಳ್ತೀನಿ."

"ಯೋಳು ಮತ್ತೆ," ಎಂದ ಅಣ್ಣ.

"ಯೋಳ್ತೀನಿ, ತಡೀರಿ. ಒಂದು ಎಸಳು ಬೀಳ್ಲಿ ಅಂತ ಬೆಳಿಗ್ಗಿಂದ ಕಾದ್ರಲ್ಲ, ನಂಗೂ ಕಾಯ್ರಿ."

ಗುಡಿಯ ಮೆಟ್ಟಿಲ ಮೇಲೆ ಕೂತೆ. ಅವರೂ ಕೂತರು. ಮನೆಗೆ ಹೊರಟಿದ್ದ ಇಬ್ಬರು ಹೆಂಗಸರು ತಿರುಗಿ ಬಂದು ಕೂತರು. ಅಷ್ಟೂ ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಇವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮನಸ್ಸಿನಿಂದ ಹೊರಗೆ ಕಳಿಸಿದೆ. ಅಣ್ಣನನ್ನು ಕಳಿಸುವುದು ಸುಲಭವಾಯಿತು. ಅವ್ವನನ್ನು ಕಳಿಸುವುದು ತಡವಾಯಿತು. ಯಾರೂ ಇಲ್ಲದ ಮೇಲೆ ಬೆಳ್ಳಿ ಕಾರಿನಲ್ಲಿ ಕೂತು ನೋಡಿದೆ. ನಿದ್ದೆ ಬಂದ ಹಾಗಾಯಿತು. ಹಸಿರು ಕಾರಿನಲ್ಲಿ ಕೂತು ನೋಡಿದೆ.

"ಹಸ್ರು," ಎಂದೆ.

ಧ್ವನಿ ಸಣ್ಣದಾಗಿತ್ತು. ಮತ್ತೊಮ್ಮೆ ಜೋರಾಗಿ ಹೇಳಿದೆ.

ಪೂಜಾರಿ ಎದ್ದು ನಿಂತು ಎರಡೂ ಕೈಯನ್ನು ಗರ್ಭಗುಡಿಯ ಕಡೆ ಎತ್ತಿದ. "ನೋಡಿದ್ರಾ! ಎಡಗಡೆ ಕೊಟ್ಲಲ್ಲ ತಾಯಿ, ಹಸ್ರು ಅಂತ ಆಗ್ಲೇ ಯೋಳ್ಬುಟ್ಟಿದ್ಲು!" ಜನ ಹೋ ಎಂದು ಕೈ ಮುಗಿದರು. ಅವ್ವ ಕೆನ್ನೆ ಕೆನ್ನೆ ಬಡಿದುಕೊಂಡಳು. ಅಣ್ಣನೂ ಹಗುರಾಗಿ, "ಅಮ್ಮನವ್ರೇ ಯೋಳಿದ್ ಮೇಲೆ ಮುಗೀತು," ಎನ್ನುತ್ತಾ ಪೂಜಾರಿ ಬೆಳಗಿ ತಂದ ಮಂಗಳಾರತಿಗೆ ಕೈ ಚಾಚಿದ.

ನಾನು ಆರತಿಯ ತಟ್ಟೆಗೆ ಅಡ್ಡ ನಿಂತೆ.

"ಅಮ್ಮನವ್ರಲ್ಲ ಯೋಳಿದ್ದು," ಎಂದೆ. "ನಾನು."