ಆಯಿಲ್ ಗೇಜಿಗೆ ಇಟ್ಟ ಕುಂಕುಮ

ಮೋಟಾರ್ ಸೈಕಲ್ ಓಡಿಸುವವರಿಗೆ ಆಯಿಲ್ ಪ್ರೆಶರ್ ಗೇಜ್ ಬೇಕೇ ಬೇಡವೇ ಎಂಬ ಮಾತನ್ನು ಯಾರಾದರೂ ಎತ್ತಿದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಅರವತ್ತರ ದಶಕದಲ್ಲಿ ಜಯನಗರದ ನಮ್ಮ ಮನೆಯ ವರಾಂಡದಲ್ಲಿ ಭಾನುವಾರ ಬಂತೆಂದರೆ ಇದೇ ಚರ್ಚೆ. ನನ್ನ ಗಂಡ, ಅವರ ಆಫೀಸಿನ ಇಬ್ಬರು ಗೆಳೆಯರು, ಮೂವರ ಹತ್ತಿರವೂ ಮೋಟಾರ್ ಸೈಕಲ್. ಗೇಜ್ ಇದ್ದದ್ದು ನಮ್ಮದಕ್ಕೆ ಮಾತ್ರ. ಎರಡನೇ ಮಹಾಯುದ್ಧಕ್ಕೂ ಮುಂಚಿನ ವಿಲಾಯತಿ ಗಾಡಿ. ಪೆಟ್ರೋಲ್ ಟ್ಯಾಂಕಿನ ಮೇಲೆ ಒಂದು ಗುಂಡನೆಯ ಗಾಜು, ಅದರೊಳಗೊಂದು ಮುಳ್ಳು. ಎಂಜಿನ್ನಿನಲ್ಲಿ ಎಣ್ಣೆ ಸರಿಯಾಗಿ ಓಡಾಡುತ್ತಿದ್ದರೆ ಮುಳ್ಳು ಎದ್ದಿರುತ್ತದೆ, ಇಲ್ಲದಿದ್ದರೆ ಮಲಗುತ್ತದೆ. ಇಷ್ಟೇ ವಿಷಯ. ಇಷ್ಟಕ್ಕೆ ಆ ಗಂಡಸರು ತಪಲೆಗಟ್ಟಲೆ ಕಾಫಿ ಕುಡಿದರು.

ಗೆಳೆಯರಲ್ಲಿ ಹಿರಿಯರು, ಸದ್ದು ಕೇಳಿ ಎಂಜಿನ್ನಿನ ಕಷ್ಟಸುಖ ತಿಳಿಯದವನು ಗಾಡಿ ಹತ್ತಲೇಬಾರದು ಎನ್ನುತ್ತಿದ್ದರು. ಕಿರಿಯರು, ರಸ್ತೆ ನೋಡಬೇಕೋ ಟ್ಯಾಂಕು ನೋಡಬೇಕೋ ಎಂದು ಕೇಳುತ್ತಿದ್ದರು. ನನ್ನ ಗಂಡ ಗೇಜಿನ ಪರ. ಅಬ್ಬಬ್ಬಾ, ಏನು ವಕಾಲತ್ತು! ಆದರೆ ಓಡಿಸುವಾಗ ಅವರು ಅದರ ಕಡೆ ಕಣ್ಣು ಹಾಯಿಸಿದ್ದನ್ನು ನಾನಂತೂ ಕಂಡಿಲ್ಲ. ನೋಡುತ್ತಿದ್ದವಳು ನಾನು, ಹಿಂದೆ ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂತು, ಅವರ ತೋಳಿನ ಪಕ್ಕದಿಂದ ಕತ್ತು ಚಾಚಿ.

ನೋಡುವ ದರ್ದು ನನಗಿತ್ತು. ತಲಘಟ್ಟಪುರದಾಚೆಯ ಒಂದು ಶಾಲೆಯಲ್ಲಿ ನಾನು ಟೆಂಪರರಿ ಟೀಚರ್. ಆ ಕಡೆಯ ಬಸ್ಸು ಶಾಲೆ ಮುಟ್ಟುವ ಹೊತ್ತಿಗೆ ಮೊದಲ ಪೀರಿಯಡ್ ಮುಗಿದಿರುತ್ತಿತ್ತು. ಆದ್ದರಿಂದ ಗಾಡಿ ಓಡಿದರೆ ನನ್ನ ಕೆಲಸ ಉಂಟು, ನಿಂತರೆ ಇಲ್ಲ. ದಸರಾ ರಜೆ ಮುಗಿದು ಶಾಲೆ ತೆರೆಯುವ ದಿನ ಇನ್‌ಸ್ಪೆಕ್ಟರು ಬಂದು ನನ್ನ ಮೊದಲ ಪೀರಿಯಡ್ಡಿನ ಪಾಠ ನೋಡುವವರಿದ್ದರು. ಅವರು ಒಪ್ಪಿದರೆ ಕೆಲಸ ಖಾಯಂ. ಮದುವೆಗೆ ಮುಂಚೆ ಮನೆಯವರ ಹತ್ತಿರ ಜಗಳವಾಡಿ ನಾನು ಬಿ.ಎ. ಮಾಡಿದ್ದೇ ಇದಕ್ಕೆ.

ಆಯುಧಪೂಜೆಯ ದಿನ ನನ್ನ ಗಂಡ ಗಾಡಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಅರಿಶಿನ ಕುಂಕುಮ ಕಲಸಿಕೊಂಡು ಬಂದರು. ಮೂರು ಬೆರಳು ಅದ್ದಿ ನೇರವಾಗಿ ಗೇಜಿನ ಗಾಜಿಗೇ ಬಳಿದರು.

"ರೀ, ಗಾಜು ಬಿಟ್ಟು ಹಚ್ರೀ. ಮುಳ್ಳು ಕಾಣಲ್ಲ," ಅಂದೆ.

"ಹಣೆ ಬಿಟ್ಟು ಬೇರೆ ಕಡೆ ಕುಂಕುಮ ಇಡ್ತಾರೇನೇ?" ಅಂದರು.

ಹಬ್ಬ ಕಳೆದ ಮೇಲೆ ಒದ್ದೆ ಬಟ್ಟೆ ಹಿಡಿದು ಹೋದರೆ ತಡೆದರು. ಪೂಜೆಯ ಕುಂಕುಮ ಒರೆಸಬಾರದಂತೆ, ತಾನಾಗಿ ಉದುರಬೇಕಂತೆ. ಸಂಧ್ಯಾವಂದನೆ ಬಿಟ್ಟು ಯಾವ ಕಾಲವಾಗಿತ್ತೋ! ದೇವರ ಮುಂದೆ ಇಲ್ಲದ ಮಡಿಯೆಲ್ಲ ಮೋಟಾರ್ ಸೈಕಲ್ಲಿನ ಮುಂದೆ.

ಶಾಲೆ ತೆರೆಯುವ ದಿನ ಬನಶಂಕರಿ ಗುಡಿ ದಾಟಿ, ರಾಗಿ ಹೊಲಗಳ ನಡುವೆ ಹೋಗುವಾಗ ಸುಟ್ಟ ವಾಸನೆ ಬಂತು. ಕತ್ತು ಚಾಚಿದರೆ ಕಂಡದ್ದು ಒಣಗಿ ಗಟ್ಟಿಯಾದ ಕುಂಕುಮ. ಗಾಡಿ ನಿಲ್ಲಿಸಿ ಎಂದೆ. ಹೊಲದಲ್ಲಿ ಯಾರೋ ಕಸ ಸುಡುತ್ತಿರಬೇಕು ಎಂದರು. ಮತ್ತೆ ಹೇಳಿದೆ. ಹೊತ್ತಾಗುವುದು ನಿನಗೇ ಎಂದರು. ಕೋಣನಕುಂಟೆಯ ಹತ್ತಿರ ಎಂಜಿನ್ ಕಿರ್ರೆಂದು ಸೀಜ್ ಆಗಿ, ಹಿಂದಿನ ಚಕ್ರ ತಿರುಗದೆ ಜಾರಿ, ಇಬ್ಬರೂ ರಸ್ತೆ ಬದಿಯ ಮಣ್ಣಿಗೆ ಬಿದ್ದೆವು. ಎಣ್ಣೆಯ ಪೈಪು ಸೀಳಿ, ಎಣ್ಣೆಯೆಲ್ಲ ದಾರಿಯುದ್ದಕ್ಕೂ ಸೋರಿಹೋಗಿತ್ತು. ಎದ್ದವರೇ ಅವರು ಮೊದಲು ಮುಟ್ಟಿ ನೋಡಿದ್ದು ಗಾಡಿಯನ್ನು.

ನಾನು ಮಣ್ಣಾದ ಸೀರೆಯಲ್ಲೇ ನಡೆದೆ. ಹಿಂದಿನಿಂದ ಬಂದ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿದೆ. ಶಾಲೆ ಮುಟ್ಟಿದಾಗ ಇನ್‌ಸ್ಪೆಕ್ಟರು ಹೊರಟುಹೋಗಿದ್ದರು. ತನಿಖೆಯ ದಿನವೇ ಹೊತ್ತಿಗೆ ಸರಿಯಾಗಿ ಬರಲಾಗದ ಹೆಂಗಸು ಇನ್ನು ವರ್ಷವಿಡೀ ಏನು ಬರುತ್ತಾಳೆ ಎಂದರಂತೆ. ಹೆಡ್‌ಮಾಸ್ಟರು ಪಾಪ, ಕೂರಿಸಿ ನೀರು ಕೊಟ್ಟರು. ಆ ತಿಂಗಳ ಕೊನೆಗೆ ನನ್ನ ಜಾಗಕ್ಕೆ ಬೇರೊಬ್ಬರು ಬಂದರು. ಒಳ್ಳೆಯದೇ ಆಯಿತು ಬಿಡು, ಅಷ್ಟು ದೂರದ ಅಲೆದಾಟ ತಪ್ಪಿತು ಎಂದರು ನನ್ನ ಗಂಡ.

ಗಾಡಿ ಹೊಸ ಪಿಸ್ಟನ್ ಹಾಕಿಸಿಕೊಂಡು ಬಂತು. ಆ ಭಾನುವಾರ ವರಾಂಡದಲ್ಲಿ ಮತ್ತೆ ಸಭೆ. ತೀರ್ಮಾನ ಏನು ಗೊತ್ತೆ? ಗೇಜ್ ಇದ್ದೂ ಎಂಜಿನ್ ಹೋಯಿತು, ಆದ್ದರಿಂದ ಗೇಜಿನಿಂದ ಯಾವ ಪ್ರಯೋಜನವೂ ಇಲ್ಲ. ನನ್ನ ಗಂಡನೂ ಹೌದೆಂದು ತಲೆಯಾಡಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗಾದೆಯಲ್ಲಿ ಅವಳು ಹೆಂಗಸೇ ಆಗಬೇಕಿತ್ತು ನೋಡಿ. ನಮ್ಮ ವರಾಂಡದಲ್ಲಿ ಕುಣಿಯಲಾರದವರೆಲ್ಲ ಗಂಡಸರೇ. ಕಾಫಿ ಲೋಟಗಳನ್ನು ತಂದು ಅವರ ಮುಂದಿಟ್ಟೆ.

ಕಿರಿಯ ಗೆಳೆಯರು ಲೋಟ ಎತ್ತಿಕೊಂಡು, "ಅತ್ತಿಗೆ, ನೀವೇ ಹೇಳಿ. ಗಾಡಿ ಓಡಿಸೋರಿಗೆ ಗೇಜ್ ಬೇಕಾ?" ಎಂದರು.

"ಓಡಿಸೋರಿಗೆ ಬೇಕೋ ಬೇಡ್ವೋ ನಂಗೊತ್ತಿಲ್ಲ," ಅಂದೆ. "ಹಿಂದೆ ಕೂತಿದ್ದೋಳಿಗೆ ಬೇಕಿತ್ತು."

ಮೂವರೂ ನಕ್ಕರು. ಒಳ್ಳೆಯ ಜೋಕು ಎಂದುಕೊಂಡಿರಬೇಕು. ಅಲ್ಲಿಂದಾಚೆಗೆ ನಾನು ಯಾವ ಶಾಲೆಯ ಬೋರ್ಡಿನ ಮೇಲೂ ಒಂದಕ್ಷರ ಬರೆಯಲಿಲ್ಲ.